ಎಂಜಿನ್ ಕಾದರೆ ಮೊದಲು ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಪ್ರಕಟವಾದ, ಹಳೆಯ ಸ್ಪೋರ್ಟ್ಸ್ ಕಾರುಗಳ ಆರೈಕೆ ಕುರಿತ ಲೇಖನವನ್ನು ಎರಡು ಸಲ ಓದಿದೆ. ಬಣ್ಣ, ತುಕ್ಕು, ಚರ್ಮದ ಸೀಟುಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಎಂಜಿನ್ ಅತಿಯಾಗಿ ಕಾಯುವ ತೊಂದರೆಗೆ ಅವರು ಸೂಚಿಸಿರುವ ಮೂರು ಉಪಾಯಗಳು, ಅಂದರೆ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ತೆರೆದುಕೊಳ್ಳುವ ಕವಾಟ) ಕಿತ್ತುಹಾಕುವುದು, ದೊಡ್ಡ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವುದು, ಎಂಜಿನ್ನಿನ ನೀರನ್ನು ತಣಿಸುವ ಹಳೆಯ ರೇಡಿಯೇಟರ್ ತೆಗೆದು ಅಲ್ಯೂಮಿನಿಯಂನದನ್ನು ಹಾಕುವುದು, ಈ ಮೂರೂ ನಾಡಿ ಹಿಡಿಯದೆ ಕೊಟ್ಟ ಔಷಧಿಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆ ಹಳೆಯ ಕಾರುಗಳ ವಿಷಯದಲ್ಲಿ ಎಷ್ಟು ನಿಜವೆಂಬುದನ್ನು ನಾನು ಬಲ್ಲೆ. ಏಕೆಂದರೆ ಈ ಮೂರನ್ನೂ ಇದೇ ಕ್ರಮದಲ್ಲಿ ನನ್ನ ಕಾರಿಗೆ ಮಾಡಿಸಿ, ಹಣವನ್ನೂ ಎರಡು ಬೇಸಿಗೆಗಳನ್ನೂ ಕಳೆದುಕೊಂಡವನು ನಾನು.

ನನ್ನದು 1960ರ ದಶಕದ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಕಾರು. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ), ಪೆಟ್ರೋಲನ್ನು ಗಾಳಿಗೆ ಬೆರೆಸುವ ಜೋಡಿ ಕಾರ್ಬುರೇಟರ್. ಆ ಕಾಲದ ಇಂಥ ಕಾರುಗಳೆಲ್ಲದರಂತೆ ಬಾನೆಟ್ಟಿನ ಒಳಗೆ ಕೈ ಆಡಿಸಲೂ ಜಾಗ ಕಡಿಮೆ. ಸಿಗ್ನಲ್‌ಗಳಲ್ಲಿ ನಿಂತು ನಿಂತು ಸಾಗುವಾಗ ಅದರ ಶಾಖದ ಮೀಟರಿನ ಮುಳ್ಳು ಅಲುಗುತ್ತಿರಲಿಲ್ಲ. ತೆರೆದ ರಸ್ತೆಗೆ ಬಂದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಮಾತ್ರ ನಿಧಾನವಾಗಿ, ಆದರೆ ಹಿಂದಿರುಗುವ ಮನಸ್ಸೇ ಇಲ್ಲದಂತೆ, ಕೆಂಪು ಗೆರೆಯತ್ತ ಏರುತ್ತಿತ್ತು. ಈ ಒಂದು ಲಕ್ಷಣದಲ್ಲಿಯೇ ರೋಗದ ಅರ್ಧ ಗುರುತು ಅಡಗಿತ್ತೆಂಬುದು ಆಗ ನನಗಾಗಲಿ, ನಾನು ಹೋದ ಮೊದಲ ಗ್ಯಾರೇಜಿನವರಿಗಾಗಲಿ ಹೊಳೆಯಲಿಲ್ಲ.

ಎಂಜಿನ್ ಕಾಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ, ಯಾವಾಗ ಕಾಯುತ್ತದೆ ಎಂಬುದು. ನಿಂತಾಗ ಅಥವಾ ತೆವಳುವಾಗ ಕಾದು, ಓಡಿದೊಡನೆ ತಣಿಯುವ ಕಾರಿನಲ್ಲಿ ಕೊರತೆ ಬಹುಮಟ್ಟಿಗೆ ಗಾಳಿಯದು: ಫ್ಯಾನ್, ಅದರ ಬೆಲ್ಟ್, ಅದನ್ನು ಸುತ್ತುವರಿಯಬೇಕಾದ ಕವಚ ಇವುಗಳನ್ನು ನೋಡಬೇಕು. ನಿಂತಾಗ ಸರಿಯಿದ್ದು ವೇಗದಲ್ಲಿ ಕಾಯುವ ಕಾರಿಗೆ ಮುಂದಿನಿಂದ ನುಗ್ಗುವ ಗಾಳಿಯೇ ಬೇಕಾದಷ್ಟಿರುವುದರಿಂದ, ಅಲ್ಲಿ ಕೊರತೆ ನೀರಿನ ಹರಿವಿನದು, ಇಲ್ಲವೇ ಎಂಜಿನ್ ತಾನೇ ಅಗತ್ಯಕ್ಕಿಂತ ಹೆಚ್ಚು ಶಾಖ ಹುಟ್ಟಿಸುತ್ತಿದೆ. ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೂಲಿಂಗ್ ವ್ಯವಸ್ಥೆಯೇ ಹೊತ್ತು ಹೊರಹಾಕಬೇಕು. ವೇಗ ಹೆಚ್ಚಿದಂತೆ ಈ ಹೊರೆಯೂ ಹೆಚ್ಚುತ್ತದೆ. ನನ್ನ ಕಾರು ಎರಡನೆಯ ಗುಂಪಿನದು. ಅದಕ್ಕೆ ನಾನು ಕೊಡಿಸಿದ್ದು ಮೊದಲ ಗುಂಪಿನ ಮದ್ದು: ಇನ್ನೂ ದೊಡ್ಡ ಫ್ಯಾನ್.

ಈ ಪ್ರಶ್ನೆಗೂ ಮೊದಲು ಮುಳ್ಳನ್ನೇ ಅನುಮಾನಿಸುವುದು ಒಳ್ಳೆಯದು. 1960ರ ದಶಕದ ಮಧ್ಯಭಾಗದ ನಂತರದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಶಾಖದ ಮೀಟರ್ ಮತ್ತು ಪೆಟ್ರೋಲ್ ಮೀಟರ್ ಎರಡಕ್ಕೂ 10 ವೋಲ್ಟ್‌ನ ಒಂದೇ ಸ್ಟೆಬಿಲೈಸರ್‌ನಿಂದ ಕರೆಂಟ್ ಹೋಗುತ್ತದೆ. ಅದು ಕೆಟ್ಟು ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹರಿದರೆ ಎರಡೂ ಮುಳ್ಳುಗಳು ಸುಳ್ಳು ಹೇಳುತ್ತವೆ. ಎಂಜಿನ್ ಕಾದಂತೆ ಕಾಣುವಾಗ ಟ್ಯಾಂಕೂ ಇರುವುದಕ್ಕಿಂತ ಹೆಚ್ಚು ತುಂಬಿದಂತೆ ತೋರಿದರೆ, ರೇಡಿಯೇಟರ್ ಮುಟ್ಟುವ ಮೊದಲು ಆ ಚಿಕ್ಕ ಪೆಟ್ಟಿಗೆಯನ್ನು ಪರೀಕ್ಷಿಸಬೇಕು. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ನೀರೆಲ್ಲ ಸೋರಿಹೋಗಿ ಸೆನ್ಸರ್ ಬರಿಯ ಆವಿಯಲ್ಲಿ ನಿಂತಾಗ ಮುಳ್ಳು ಕೆಳಗಿಳಿಯಬಹುದು. ಚಾಲಕ ನೆಮ್ಮದಿಯಿಂದ ಮುಂದೆ ಹೋಗುತ್ತಾನೆ, ಎಂಜಿನ್ ಮಾತ್ರ ಅಲ್ಲಿಗೆ ಮುಗಿಯುತ್ತದೆ. ಥರ್ಮೋಸ್ಟಾಟ್ ಕೂರುವ ಎರಕದ ಭಾಗದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡುವುದು ಸುಲಭ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುವುದರಿಂದ, ಆ ಜಾಗಕ್ಕೆ ಚೂರು ಕಪ್ಪು ಬಣ್ಣ ಬಳಿದುಕೊಂಡರೆ ನಂಬಬಹುದಾದ ಅಂಕಿ ಸಿಗುತ್ತದೆ.

ಲೇಖನ ಶಿಫಾರಸು ಮಾಡಿದ ಎಲೆಕ್ಟ್ರಿಕ್ ಫ್ಯಾನಿನ ಬಗ್ಗೆ ಎರಡು ಮಾತು. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ಗೆ ತಯಾರಕರೇ ಎಲೆಕ್ಟ್ರಿಕ್ ಫ್ಯಾನ್ ಕೊಟ್ಟಿದ್ದರು. ಆದರೂ ಅದು ದಟ್ಟಣೆಯಲ್ಲಿ ಕಾಯುವುದಕ್ಕೆ ಹೆಸರಾಯಿತು, ಮುಂದೆ 1968ರ ಎರಡನೆಯ ಸರಣಿಯಲ್ಲಿ ಮುಂಭಾಗದ ಗಾಳಿಯ ಬಾಯಿಯನ್ನು ಹಿರಿದು ಮಾಡಿ ಎರಡು ಫ್ಯಾನ್ ಹಾಕಬೇಕಾಯಿತು. ಫ್ಯಾನ್ ಇದ್ದರೆ ಸಾಲದು, ಗಾಳಿ ಬರಲು ದಾರಿಯೂ ಬೇಕು. ರೇಡಿಯೇಟರ್ ಮುಂದೆ ಅಂದಕ್ಕೆಂದು ಹಾಕಿದ ಹೆಚ್ಚುವರಿ ದೀಪಗಳು, ಕ್ಲಬ್ಬುಗಳ ಬಿಲ್ಲೆಗಳು ಆ ದಾರಿಗೇ ಅಡ್ಡ ನಿಲ್ಲುತ್ತವೆ. ರೇಡಿಯೇಟರ್ ಅಂಚಿಗೂ ಕಾರಿನ ಮೈಗೂ ನಡುವೆ ಇರಬೇಕಾದ ರಬ್ಬರ್ ಪಟ್ಟಿಗಳು ಅಥವಾ ತಗಡುಗಳು ಎಂದೋ ಕಳೆದುಹೋಗಿದ್ದರೆ, ಗಾಳಿ ಜಾಲರಿಯೊಳಗೆ ತೂರುವ ಬದಲು ಸುಲಭದ ದಾರಿ ಹಿಡಿದು ಪಕ್ಕದಿಂದ ನುಸುಳಿಹೋಗುತ್ತದೆ. ಆ ಪಟ್ಟಿಗಳನ್ನು ಮತ್ತೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ.

ಎಲೆಕ್ಟ್ರಿಕ್ ಫ್ಯಾನ್ ಹಾಕಲೇಬೇಕೆಂದಿದ್ದರೆ ಆ ಕಾಲದ ವಿದ್ಯುತ್ ವ್ಯವಸ್ಥೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರಿಗೆ ವಿದ್ಯುತ್ ಒದಗಿಸಲು ಆಲ್ಟರ್ನೇಟರ್ ಬರುವ ಮುನ್ನ ಬಳಕೆಯಲ್ಲಿದ್ದ ಡೈನಮೊಗಳ ಗರಿಷ್ಠ ಸಾಮರ್ಥ್ಯ 22 ಆಂಪಿಯರ್‌ನ ಆಸುಪಾಸಿನದು. ಕಾರು ನಿಂತು ಎಂಜಿನ್ ಐಡಲಿಂಗ್‌ನಲ್ಲಿರುವಾಗ ಅವು ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಫ್ಯಾನ್ ಬೇಕಾಗುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಇನ್ನೊಂದು ಎಡವಟ್ಟನ್ನು ನಾನೇ ಕಂಡಿದ್ದೇನೆ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಮೈಗೆ ಅರ್ಥ್ ಆಗಿರುತ್ತಿತ್ತು. ಪರಿಚಿತರೊಬ್ಬರ ಅಂಥ ಕಾರಿಗೆ ಇಂದಿನ ಫ್ಯಾನೊಂದನ್ನು ಹಾಕಿದವರು, ಕಪ್ಪು ತಂತಿ ಮೈಗೆ, ಕೆಂಪು ತಂತಿ ಸ್ವಿಚ್ಚಿಗೆ ಎಂಬ ಇಂದಿನ ಅಭ್ಯಾಸದಂತೆಯೇ ಜೋಡಿಸಿದ್ದರು. ಫ್ಯಾನ್ ಸೊಗಸಾಗಿ ತಿರುಗುತ್ತಿತ್ತು, ಆದರೆ ಹಿಮ್ಮುಖವಾಗಿ. ಒಳಗಿನ ಬಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿ, ಹೊರಗಿನಿಂದ ಬರುವ ಗಾಳಿಯೊಡನೆ ಗುದ್ದಾಡುತ್ತಿತ್ತು. ರೇಡಿಯೇಟರ್ ಮುಂದೆ ಒಂದು ಹಾಳೆ ಹಿಡಿದಾಗ ಅದು ಜಾಲರಿಗೆ ಅಂಟಿಕೊಳ್ಳುವ ಬದಲು ಕೈಯಿಂದ ಹಾರಿಹೋಯಿತು. ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೇ ರಿಪೇರಿ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಕಾರಿನ ಕಥೆ ಇರುವುದೂ ಇಲ್ಲಿಯೇ. ಹೊಸ ಫ್ಯಾನ್, ಹೊಸ ರೇಡಿಯೇಟರ್, ಹೊಸ ವಾಟರ್ ಪಂಪ್ ಎಲ್ಲವೂ ಆಗಿ, ಮುಳ್ಳು ಹಳೆಯ ಚಾಳಿ ಬಿಡದಿದ್ದಾಗ, ನಿವೃತ್ತರಾದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಕಾರನ್ನು ತೋರಿಸಿದೆ. ಅವರು ಬಾನೆಟ್ ಎತ್ತಿ ಹೊಸ ಸಾಮಾನುಗಳನ್ನೆಲ್ಲ ಒಮ್ಮೆ ನೋಡಿ ಏನೂ ಹೇಳದೆ, ಕಾರಿನ ಅಡಿಗೆ ತೂರಿ, ಸಿಲಿಂಡರ್ ಬ್ಲಾಕಿನ ಹಿಂಬದಿಯಲ್ಲಿರುವ ಪುಟ್ಟ ಡ್ರೈನ್ ಟ್ಯಾಪನ್ನು ಬಿಚ್ಚಿದರು. ರೇಡಿಯೇಟರ್ ತುಂಬ ನೀರಿದ್ದರೂ ಅಲ್ಲಿಂದ ಒಂದು ಹನಿ ಬೀಳಲಿಲ್ಲ. ಗಟ್ಟಿ ತಂತಿಯೊಂದನ್ನು ರಂಧ್ರದೊಳಗೆ ತೂರಿಸಿ ತಿರುವಿದರು. ತಂತಿ ಎರಡು ಅಂಗುಲದಷ್ಟೂ ಒಳಗೆ ಹೋಗಲಿಲ್ಲ. ಮತ್ತೆ ಮತ್ತೆ ಚುಚ್ಚಿದ ಮೇಲೆ ಕೆಮ್ಮಣ್ಣಿನ ರಾಡಿಯಂಥದ್ದು ಮೊದಲು ತೊಟ್ಟಿಕ್ಕಿ, ಆಮೇಲೆ ಒಮ್ಮೆಲೇ ಚಿಮ್ಮಿ ಅವರ ತೋಳನ್ನು ಮೊಣಕೈವರೆಗೆ ಕಂದು ಮಾಡಿತು. ಬಳಿಕ ಪಕ್ಕದ ಕೋರ್ ಪ್ಲಗ್ (ಬ್ಲಾಕಿನ ರಂಧ್ರ ಮುಚ್ಚುವ ಲೋಹದ ಬಿಲ್ಲೆ) ಕಿತ್ತಾಗ ಕಂಡದ್ದನ್ನು ನಾನು ಮರೆಯಲಾರೆ: ನಾಲ್ಕನೆಯ ಸಿಲಿಂಡರಿನ ಸುತ್ತ ನೀರು ಸುತ್ತಬೇಕಾದ ಜಾಗದಲ್ಲಿ ತುಕ್ಕು, ಸುಣ್ಣದ ಹೊಪ್ಪಳೆ, ಎರಕ ಹೊಯ್ದಾಗಿನ ಮರಳು ಎಲ್ಲವೂ ಸೇರಿ ಗೋಡೆ ಕಟ್ಟಿದ್ದವು.

ಇದರಲ್ಲಿ ಸೋಜಿಗವೇನಿಲ್ಲ. ಪಂಪ್ ಇರುವುದು ಎಂಜಿನ್ನಿನ ಮುಂತುದಿಯಲ್ಲಿ. ಹಿಂದಿನ ಸಿಲಿಂಡರ್ ತಲುಪುವ ಹೊತ್ತಿಗೆ ನೀರಿನ ಓಟ ಕುಗ್ಗಿರುತ್ತದೆ, ತೇಲಿ ಬಂದ ಕಸವೆಲ್ಲ ಅಲ್ಲಿ ತಳ ಹಿಡಿಯುತ್ತದೆ. ದಶಕಗಳ ಕಾಲ ಯಾರೋ ನಲ್ಲಿಯ ನೀರನ್ನಷ್ಟೇ ಸುರಿಯುತ್ತ ಬಂದಿದ್ದರೆ ಆ ಕಸ ಕಲ್ಲಾಗುತ್ತದೆ. ರೇಡಿಯೇಟರ್ ಬದಲಿಸಿದರೆ ಇದು ಹೋಗುವುದಿಲ್ಲ, ಮೇಲಿನ ಮುಚ್ಚಳದಿಂದ ಫ್ಲಶ್ ಮಾಡುವ ದ್ರಾವಣ ಸುರಿದರೂ ಹೋಗುವುದಿಲ್ಲ. ಕೋರ್ ಪ್ಲಗ್‌ಗಳನ್ನು ತೆಗೆದು, ತಂತಿಯಿಂದ ಕೆದಕಿ, ನೀರನ್ನು ರಭಸವಾಗಿ ಹಿಂದುಮುಂದಾಗಿ ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಬಿಡದೆ ತೊಳೆಯಬೇಕು. ನಮಗೆ ಒಂದೂವರೆ ದಿನ ಹಿಡಿಯಿತು. ಅಲ್ಯೂಮಿನಿಯಂ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಇರುವ ಎಂಜಿನ್ನಿಗೆ ವಾಷಿಂಗ್ ಸೋಡಾದಂಥ ಕ್ಷಾರವನ್ನು ಬಳಸಬಾರದು, ಅದು ಲೋಹವನ್ನೇ ತಿನ್ನುತ್ತದೆ. ಚಿಕ್ಕ ಸೋರಿಕೆ ನಿಲ್ಲಿಸಲೆಂದು ರೇಡಿಯೇಟರಿಗೆ ಸುರಿಯುವ ಪುಡಿಗಳಿಂದಲೂ ದೂರವಿರುವುದೇ ಲೇಸು. ತೂತು ಯಾವುದು, ದಾರಿ ಯಾವುದು ಎಂಬ ಭೇದ ಅವುಗಳಿಗೆ ತಿಳಿಯದು.

ಹಳೆಯ ರೇಡಿಯೇಟರ್ ನಿಜಕ್ಕೂ ಸೋತಿದೆಯೇ ಎಂದು ತಿಳಿಯಲು ಅದನ್ನು ಬಿಸಾಡಬೇಕಿಲ್ಲ. ಎಂಜಿನ್ ಬಿಸಿಯಿರುವಾಗ ಅದೇ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಜಾಲರಿಯ ಮೇಲೆ ಅಡ್ಡಡ್ಡ ಓಡಿಸಿದರೆ, ಕಟ್ಟಿಕೊಂಡ ಕೊಳವೆಗಳಿರುವ ಕಡೆ ತಣ್ಣನೆಯ ತೇಪೆಗಳು ಕಾಣುತ್ತವೆ. ಜಾಲರಿಯ ರೆಕ್ಕೆಗಳನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಹಸಿರು ಪುಡಿಯಾಗಿ ಉದುರಿದರೆ, ಅವು ಕೊಳವೆಗಳಿಂದ ಬಿಟ್ಟುಕೊಂಡಿವೆ, ನೀರಿನ ಶಾಖ ಗಾಳಿಗೆ ದಾಟುತ್ತಿಲ್ಲ ಎಂದು ತಿಳಿಯಬಹುದು. ಆಗಲೂ ರೇಡಿಯೇಟರಿನ ಹಳೆಯ ತೊಟ್ಟಿಗಳನ್ನು ಉಳಿಸಿಕೊಂಡು ಒಳಗಿನ ಕೋರ್ (ಕೊಳವೆ, ರೆಕ್ಕೆಗಳ ಜಾಲರಿ) ಮಾತ್ರ ಹೊಸದಾಗಿ ಹಾಕಿಸುವುದು ನನ್ನ ಆಯ್ಕೆ. ಇನ್ನು ಕೆಳಗಿನ ಹೋಸ್ ಪೈಪ್: ಪಂಪ್ ಅದರಿಂದ ನೀರನ್ನು ಹೀರುವುದರಿಂದ, ರಬ್ಬರ್ ಮೆತ್ತಗಾಗಿ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದ್ದರೆ, ಎಂಜಿನ್ ವೇಗ ಹೆಚ್ಚಿಸಿದಾಗ ಅದು ಚಪ್ಪಟೆಯಾಗಿ ಹರಿವನ್ನು ಹಿಸುಕುತ್ತದೆ. ಕಾರು ನಿಂತಾಗ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಥರ್ಮೋಸ್ಟಾಟ್ ಕಿತ್ತುಹಾಕುವ ಸಲಹೆಯನ್ನು ನಾನು ಮೂರರಲ್ಲಿ ಅತ್ಯಂತ ಕೆಟ್ಟದ್ದೆಂದು ಎಣಿಸುತ್ತೇನೆ. ಅದನ್ನು ವಿರೋಧಿಸುವವರು ಸಾಮಾನ್ಯವಾಗಿ ಕೊಡುವ ಕಾರಣವೂ, ಅಂದರೆ ನೀರು ಬಹಳ ವೇಗವಾಗಿ ಓಡಿ ಶಾಖ ಬಿಡಲು ಸಮಯವೇ ಸಿಗುವುದಿಲ್ಲ ಎಂಬುದೂ ಸರಿಯಲ್ಲ. ವೇಗವಾಗಿ ಓಡುವ ನೀರು ಅಷ್ಟೇ ಬೇಗ ಮರಳಿಯೂ ಬರುತ್ತದೆ. ನಿಜವಾದ ಕಾರಣಗಳು ಬೇರೆ. ಥರ್ಮೋಸ್ಟಾಟ್ ಒಡ್ಡುವ ಚಿಕ್ಕ ತಡೆಯಿಂದಾಗಿ ಬ್ಲಾಕಿನೊಳಗೆ ಪಂಪಿನ ಒತ್ತಡ ನಿಲ್ಲುತ್ತದೆ; ಎಕ್ಸಾಸ್ಟ್ ವಾಲ್ವ್‌ಗಳ ಸುತ್ತಲಿನ ಅತಿ ಬಿಸಿ ಜಾಗಗಳಲ್ಲಿ ನೀರು ಅಲ್ಲಲ್ಲೇ ಕುದಿದು ಆವಿಯ ಗುಳ್ಳೆ ಕಟ್ಟದಂತೆ ಆ ಒತ್ತಡ ತಡೆಯುತ್ತದೆ. ಎರಡನೆಯದಾಗಿ, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಅದರ ಸುತ್ತಲಿನ ಉಂಗುರದಂಥ ತೋಳು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ತೋಳಿಲ್ಲದ ಮಾದರಿ ಹಾಕಿದರೆ, ಅಥವಾ ಥರ್ಮೋಸ್ಟಾಟನ್ನೇ ತೆಗೆದರೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ನೇರವಾಗಿ ಪಂಪಿಗೆ ಹಿಂದಿರುಗುತ್ತದೆ. ಜಾಗ್ವಾರ್‌ನ ಹಳೆಯ ಆರು ಸಿಲಿಂಡರ್ ಎಂಜಿನ್ ಇದಕ್ಕೆ ಉದಾಹರಣೆ. ಮೂರನೆಯದಾಗಿ, ಸದಾ ತಣ್ಣಗೆ ಓಡುವ ಎಂಜಿನ್ ಬೇಗ ಸವೆಯುತ್ತದೆ. ಥರ್ಮೋಸ್ಟಾಟಿನ ಮೇಲೆ ಅನುಮಾನವಿದ್ದರೆ ಅದನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ, ಅದರ ಮೇಲೆಯೇ ಅಚ್ಚಾಗಿರುವ 74, 82 ಅಥವಾ 88 ಡಿಗ್ರಿಯ ಹತ್ತಿರ ತೆರೆಯಲಾರಂಭಿಸುತ್ತದೆಯೇ ಎಂದು ಕಣ್ಣಾರೆ ನೋಡಬಹುದು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಅಚ್ಚರಿ ತಂದಿತು. ಕಿಡಿ ತಡವಾಗಿ ಹಾರಿದರೆ, ಪೆಟ್ರೋಲ್ ಪೂರ್ತಿ ಉರಿದು ಮುಗಿಯುವ ಮುನ್ನವೇ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ. ಪಿಸ್ಟನ್ನನ್ನು ತಳ್ಳಬೇಕಿದ್ದ ಶಾಖ ಸಿಲಿಂಡರ್ ಹೆಡ್ಡಿಗೂ ಅದರ ಮೂಲಕ ನೀರಿಗೂ ಸೇರುತ್ತದೆ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಅದರ ಸಮಯ ಹೊಂದಿಸುವ ತೂಕದ ಬಿಲ್ಲೆಗಳು ಒಣಗಿ ಅಂಟಿಕೊಂಡಿದ್ದರೂ, ಅದೇ ಕೆಲಸಕ್ಕಿರುವ ವ್ಯಾಕ್ಯೂಮ್ ಪೈಪ್ ಸೀಳಿದ್ದರೂ ಫಲ ಇದೇ. ಕಾರ್ಬುರೇಟರ್ ಕಡಿಮೆ ಪೆಟ್ರೋಲ್ ಕೊಡುತ್ತಿದ್ದರೂ ಎಂಜಿನ್ ಕಾಯುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲಿನಲ್ಲಿ ಈ ತೊಂದರೆ ತುಸು ಹೆಚ್ಚು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಹತ್ತು ಶೇಕಡ ಎಥನಾಲ್ ಇರುವುದಕ್ಕೆ 14.1ರಷ್ಟು ಸಾಕು, ಕಾರ್ಬುರೇಟರಿನ ಹಳೆಯ ಜೆಟ್ಟಿನ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ) ಅಳತೆ ಬದಲಾಗದಿದ್ದರೆ ಮಿಶ್ರಣ ತೆಳುವಾಗುತ್ತದೆ. ಮೇಲಾಗಿ ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಕಾಯಿತೆಂದು ನಾವು ದೂರುತ್ತೇವೆ. ಅನೇಕ ಸಲ ಕುದಿದಿರುವುದು ರೇಡಿಯೇಟರಿನ ನೀರಲ್ಲ, ಕಾರ್ಬುರೇಟರಿನ ಬಟ್ಟಲಲ್ಲಿರುವ ಪೆಟ್ರೋಲ್. ಅದಕ್ಕೆ ಮದ್ದು ಎಕ್ಸಾಸ್ಟ್‌ಗೂ ಕಾರ್ಬುರೇಟರಿಗೂ ನಡುವಿನ ಶಾಖ ತಡೆಯುವ ತಗಡು, ರೇಡಿಯೇಟರ್ ಅಲ್ಲ.

ನೀರಿಗೆ ಬೆರೆಸುವ ಕೂಲೆಂಟ್ ವಿಷಯದಲ್ಲಿ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಶಾಖ ಹೊರುವುದರಲ್ಲಿ ಬರಿಯ ನೀರನ್ನು ಮೀರಿಸುವ ದ್ರವ ಇಲ್ಲಿ ಇನ್ನೊಂದಿಲ್ಲ: ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಶಾಖ ಹೀರಿದರೆ, ಸಮಪಾಲು ಗ್ಲೈಕಾಲ್ (ಕೂಲೆಂಟಿನ ಮುಖ್ಯ ದ್ರವ) ಬೆರೆತ ನೀರು ಸುಮಾರು ಮೂರೂವರೆಯಷ್ಟನ್ನು ಹೀರುತ್ತದೆ. ಆದರೆ ಬರಿಯ ನೀರು ತುಕ್ಕು ತರುತ್ತದೆ, ಬೇಗ ಕುದಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಮೂರನೇ ಒಂದರಿಂದ ಅರ್ಧದವರೆಗೆ, ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಮತ್ತು ಬೆಸುಗೆಗಳಿಗೆ ಒಗ್ಗುವ ಸಿಲಿಕೇಟ್ ಬಗೆಯ ಕೂಲೆಂಟ್ ಬೆರೆಸಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ನನ್ನ ಪದ್ಧತಿ. ಮಟ್ಟ ಕಾಯ್ದುಕೊಳ್ಳುವುದೂ ಅಷ್ಟೇ ಮುಖ್ಯ. 1970ರಿಂದ 1977ರವರೆಗೆ ತಯಾರಾದ ಟ್ರಯಂಫ್ ಸ್ಟ್ಯಾಗ್ ಕಾರಿನ ವಿ8 ಎಂಜಿನ್ನಿನಲ್ಲಿ ವಾಟರ್ ಪಂಪ್ ಬಹಳ ಎತ್ತರದಲ್ಲಿದ್ದುದರಿಂದ, ನೀರು ಸ್ವಲ್ಪ ಕಡಿಮೆಯಾದರೂ ಪಂಪ್ ಒಣಗುತ್ತಿತ್ತು; ಕಬ್ಬಿಣದ ಬ್ಲಾಕಿನ ಮೇಲಿನ ಅಲ್ಯೂಮಿನಿಯಂ ಹೆಡ್‌ಗಳು ಡೊಂಕಾಗಲು ಆಮೇಲೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಎಲ್ಲವನ್ನೂ ಪರೀಕ್ಷಿಸಿದ ಮೇಲೂ ನೀರು ಕಾಣದಂತೆ ಕಡಿಮೆಯಾಗುತ್ತಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ಪರೀಕ್ಷಾ ದ್ರವದ ಮೂಲಕ ಹಾಯಿಸಿದಾಗ ಅದು ಹಳದಿಯಾದರೆ, ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂದರ್ಥ.

ಪತ್ರ ದೀರ್ಘವಾಯಿತು, ಕ್ಷಮೆಯಿರಲಿ. ಸ್ಥಳಾಭಾವದಿಂದ ಮೇಲಿನದನ್ನೆಲ್ಲ ಕತ್ತರಿಸಿದರೂ ಇನ್ನು ಮುಂದೆ ಬರೆಯುವುದನ್ನು ದಯವಿಟ್ಟು ಪ್ರಕಟಿಸಬೇಕು. ಮುಳ್ಳು ಕೆಂಪಿಗೇರಿದಾಗ ಕಾರು ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆರೆದು, ತಣ್ಣೀರು ಸುರಿಯಬೇಕೆಂದು ಲೇಖನದ ಕೊನೆಯಲ್ಲಿದೆ. ಇದು ಅಪಾಯಕಾರಿ. 7 ಪಿಎಸ್‌ಐ (ಚದರ ಅಂಗುಲಕ್ಕೆ 7 ಪೌಂಡ್) ಒತ್ತಡದ ಮುಚ್ಚಳದ ಕೆಳಗೆ ಬರಿಯ ನೀರೂ ಸುಮಾರು 111 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ, 15 ಪಿಎಸ್‌ಐ ಆದರೆ 121 ಡಿಗ್ರಿಯವರೆಗೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಇಳಿದು ಆ ನೀರೆಲ್ಲ ಒಟ್ಟಿಗೆ ಕುದಿಯುತ್ತದೆ. ಆವಿ ಮತ್ತು ಬಿಸಿನೀರು ಮುಖಕ್ಕೂ ಕೈಗೂ ಎರಚುತ್ತದೆ. ಕಾದ ಎರಕದ ಮೇಲೆ ತಣ್ಣೀರು ಬಿದ್ದರೆ ಬ್ಲಾಕ್ ಸೀಳಲೂಬಹುದು. ಮುಳ್ಳು ಏರುತ್ತಿರುವುದು ಕಂಡೊಡನೆ ಹೀಟರನ್ನು ಪೂರ್ತಿ ತೆರೆದು ಅದರ ಬ್ಲೋವರ್ ಹಾಕಬೇಕು. ಕಾರಿನೊಳಗೆ ಕೂರುವುದು ಕಷ್ಟವಾದರೂ ಅದು ಎರಡನೆಯ ಪುಟ್ಟ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಆದರೂ ಏರುತ್ತಿದ್ದರೆ ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಕಡಿಮೆಯೆಂದರೆ ಅರ್ಧ ಗಂಟೆ ಮುಚ್ಚಳದ ಹತ್ತಿರ ಹೋಗಬಾರದು. ಆರಿಸಿದ ಮೇಲೆಯೂ ಮುಳ್ಳು ಕೆಲವು ಡಿಗ್ರಿ ಏರುವುದು ಸಹಜ, ಪಂಪ್ ನಿಂತಿರುವಾಗ ಲೋಹದ ಶಾಖ ನೀರಿಗೆ ಇಳಿಯುತ್ತಿರುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದು ಹಿಸುಕಲು ಆಗುವಷ್ಟು ತಣಿದ ನಂತರ, ದಪ್ಪ ಬಟ್ಟೆ ಹೊದಿಸಿ, ಮುಖವನ್ನು ಪಕ್ಕಕ್ಕಿಟ್ಟು, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಸುಯ್ಯೆನ್ನುವ ಸದ್ದು ಪೂರ್ತಿ ನಿಂತ ಮೇಲೆ ತೆಗೆಯಬೇಕು.

ಲೇಖನದ ಜೊತೆಗಿನ ಚಿತ್ರದಲ್ಲಿ ಹೊಗೆಯಾಡುವ ರೇಡಿಯೇಟರಿನ ಮೇಲೆ ಬಾಗಿ ಬರಿಗೈಯಲ್ಲಿ ಮುಚ್ಚಳ ಹಿಡಿದ ಯುವಕನೊಬ್ಬನಿದ್ದಾನೆ. ಅದರ ಕುರಿತ ತಿದ್ದುಪಡಿಯನ್ನು ಮುಂದಿನ ವಾಹನ ಪುಟದಲ್ಲಿಯೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಕಾರೊಂದರ ಮಾಲೀಕ